ಕಪ್ಪು ಚೀಟಿ ಕೇಳಿದ ಅವ್ವಿ

ಬಿಣಗಾ
೧೪ ಅಕ್ಟೋಬರ್ ೨೦೦೭

ಪ್ರೀತಿಯ ಕುಸುಮಕ್ಕಾ,

ನೀನೂ ಮಾಬ್ಲೇಶ್ವರ ಭಾವನೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ದೀಕ್ಷಾಳ ಕೆಮ್ಮು ಇಳಿಯಿತೇ? ಅವ್ವಿಯ ಹನ್ನೆರಡನೇ ದಿನ ಮುಗಿಸಿ ನೀನು ಭಾವಿಕೇರಿಗೆ ಹೋಗಿ ಎರಡು ತಿಂಗಳಾಯಿತು. ನಾನು ಒಂದು ಸಾಲೂ ಬರೆಯಲಿಲ್ಲ. ಪರೀಕ್ಷೆ ಇತ್ತು, ನಿಜ. ಆದರೆ ಕಾರಣ ಅದಲ್ಲ.

ಅಂಕೋಲೆ ಬಸ್ಸು ಹತ್ತುವ ಮೊದಲು ಸ್ಟಾಪಿನಲ್ಲಿ ನೀನು ಕೇಳಿದೆ: "ತಮಾ, ಈ ನಾಕು ವರ್ಷದಾಗೆ ಅವ್ವಿ ಒಂದು ಸಲನಾದ್ರೂ ನನ್ನ ಬಾ ಅಂದಿತ್ತನಾ?" ನಾನು "ಇಲ್ಲ" ಎಂದೆ. ನೀನು ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ, ಕಿಟಕಿಯಿಂದ ತಿರುಗಿ ನೋಡಲಿಲ್ಲ. ಆ ಒಂದು ಶಬ್ದಕ್ಕಾಗಿಯೇ ಈ ಕಾಗದ.

ಭಾವನನ್ನು ಮದುವೆಯಾಗುತ್ತೇನೆಂದು ನೀನು ಹೊರಟ ದಿನ ನೆನಪಿದೆಯಲ್ಲ. ಅವ್ವಿ ಒಳಗಿಂದ ಕೂಗಿದಳು, ನೀನು ಹೊಸ್ತಿಲಲ್ಲಿ ನಿಂತು, "ಇನ್ನು ನೀ ಸತ್ರೆ ಮಾತ್ರ ಬತ್ತೆ" ಎಂದೆ. ಸಿಟ್ಟಿನ ಮಾತು ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಬಾ ಎನ್ನಲು ಅವಳಿಗೂ ಬಿಗುಮಾನ, ಬರಲು ನಿನಗೂ. ಒಂದು ತಾಸಿನ ಬಸ್ಸಿನ ದಾರಿ ನಾಲ್ಕು ವರ್ಷ ಹಾಗೇ ಉಳಿಯಿತು.

ಈ ಮೇ ತಿಂಗಳಲ್ಲಿ ಒಂದು ಸಂಜೆ ಅವ್ವಿ ಸಿಗಡಿ ಸುಲಿಯುತ್ತ ಕೂತವಳು, "ಸೋಮು, ಕಾಗೆ ತಲೆ ಮುಟ್ತು. ಅಕ್ಕಂಗೆ ಒಂದು ಕಾರ್ಡು ಬರೆ, ನಾ ಸತ್ತೆ ಅಂತ. ಅದು ಅತ್ರೆ ದೋಷ ಹೋತದೆ" ಎಂದಳು. ನಿನಗೆ ಗೊತ್ತಿರುವ ಕ್ರಮವೇ. ಕಾಗೆ ಮುಟ್ಟಿದವರು ಸತ್ತರೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಕಳಿಸುವುದು, ಅವರು ಅತ್ತ ಮೇಲೆ ನಿಜ ಹೇಳಿ ಬೆಲ್ಲ ಕೊಡುವುದು. ಅಜ್ಜನಿಗೆ ಕಾಗೆ ಮುಟ್ಟಿದಾಗ ನೀನು ಎಷ್ಟು ಅತ್ತಿದ್ದೆಯೆಂದರೆ ಬೆಲ್ಲವೂ ಬೇಡವೆಂದಿದ್ದೆ.

ನಾನೇನು ಮಾಡಿದೆ? ಚೀಲದಿಂದ ಮೂಢನಂಬಿಕೆ ವಿರೋಧದ ಕಿರುಪುಸ್ತಿಕೆ ತೆಗೆದು, ಎರಡನೇ ಪುಟದಿಂದ ಹನ್ನೊಂದನೆಯದರ ತನಕ ಅವಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೊನೆಗೆ, "ಇಷ್ಟೆಲ್ಲ ಓದ್ದವಂಗೆ ನಾಕು ಸಾಲು ಬರೂಕೆ ಆಗೂದಿಲ್ವನಾ?" ಎಂದಳು.

"ಸುಳ್ಳು ಬರೆಯೂದಿಲ್ಲ ಅವ್ವಿ."

"ಹೌದಪ್ಪ. ನೀ ಖರೇದವ" ಎಂದು ಸಿಗಡಿ ಸಿಪ್ಪೆ ಎಸೆಯಲು ಎದ್ದಳು. ಅವಳಿಗೆ ಬರೆಯಲು ಬಾರದು ಎಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ.

ಅದಾಗಿ ವಾರಕ್ಕೆ ನಮ್ಮ ನರ್ಸಿಂಗ್ ಶಾಲೆಯ ಅಣಕು ಕಾರ್ಯಾಚರಣೆ. ಹೆದ್ದಾರಿಯಲ್ಲಿ ವಿಷಾನಿಲದ ಟ್ಯಾಂಕರ್ ಮಗುಚಿದೆ, ಗಾಳಿ ಮನೆಗಳ ಕಡೆ ಬೀಸುತ್ತಿದೆ ಎಂಬ ಕಲ್ಪನೆ. ಬಯಲಿನಲ್ಲಿ ಇನ್ನೂರು ಗಾಯಾಳುಗಳು, ಎಲ್ಲ ನಮ್ಮೂರವರೇ. ಒಬ್ಬೊಬ್ಬರ ಕೊರಳಲ್ಲೂ ಅವರಿಗೇನಾಗಿದೆ ಎಂದು ಬರೆದ ಕಾಗದ. ಅದನ್ನು ಓದಿ, ನಾಡಿ ಹಿಡಿದು, ಅರ್ಧ ನಿಮಿಷದಲ್ಲಿ ಬಣ್ಣದ ಚೀಟಿ ಕಟ್ಟುವುದು ನಮ್ಮ ಕೆಲಸ. ಕೆಂಪಾದರೆ ಕೂಡಲೇ ಒಯ್ಯಬೇಕು, ಹಳದಿಯಾದರೆ ಕಾಯಬಹುದು, ಹಸಿರಿನವರು ನಡೆದೇ ಹೋಗಬೇಕು. ಕಪ್ಪು ಸತ್ತವರಿಗೆ. ಮಂದಾಕಿನಿ ಮೇಡಂ ಹಿಂದಿನ ದಿನ ಗಂಟಲು ಹರಿದುಕೊಂಡು ಹೇಳಿದ್ದರು: "ಕೂಗುವವರ ಹತ್ತಿರ ಓಡಬೇಡಿ, ಕೂಗುವವರಿಗೆ ಉಸಿರಿದೆ. ಸುಮ್ಮನಿದ್ದವರನ್ನು ಮೊದಲು ನೋಡಿ." ಪಕ್ಕದ ಮನೆಯ ತಿಮ್ಮು ಮಾವ ಎರಡೂ ಕಾಲು ಮುರಿದವನಾಗಿ ಬಿದ್ದಿದ್ದ, ಚಹಾ ಬಂತೆಂದೊಡನೆ ಎದ್ದು ಓಡಿದ.

ಅವ್ವಿಯೂ ಬಂದಿದ್ದಳು. ಅವಳ ಕಾಗದದಲ್ಲಿ "ಕಣ್ಣುರಿ, ಕೆಮ್ಮು, ನಡೆಯಬಲ್ಲಳು" ಎಂದಿತ್ತು. ನಾನು ಹಸಿರು ಚೀಟಿ ತೆಗೆದೆ. ಅವಳು ನನ್ನ ಕೈ ದೂಡಿದಳು.

"ಇದು ಬ್ಯಾಡ. ನಂಗೆ ಕರೀದು ಕಟ್ಟು."

"ಕಾಗದದಲ್ಲಿ ಹಂಗಿಲ್ಲ ಅವ್ವಿ."

"ಕಾಗದ ನೀವೇ ಬರ್ದದ್ದಲ್ವನಾ? ಸತ್ತವ್ರ ಸಾಲಿನಾಗೆ ಒಂಚೂರು ಮಲಗ್ತೆ. ಸಂದೀಪ ಇಲ್ಲೇ ಇವ. ಅವ ನೋಡ್ಲಿ, ಅಕ್ಕನ ಮನೇಲಿ ಹೋಗಿ ಹೇಳ್ಲಿ."

ಭಾವನ ತಮ್ಮ ಸಂದೀಪ ಆ ದಿನ ಸ್ಟ್ರೆಚರ್ ಹೊರುತ್ತಿದ್ದ. ಅವನು ಹಲ್ಲು ಕಿರಿದ. ತಿಮ್ಮು ಮಾವ ಚಹಾ ಲೋಟ ಹಿಡಿದು, "ಹೊನ್ನಕ್ಕ, ಸಾಯೂಕೂ ಮಗನ ಪರ್ಮಿಶನ್ ಬೇಕನೇ?" ಎಂದ. ಸುತ್ತಲಿದ್ದವರು ನಕ್ಕರು. ಜನ ಸೇರಿದ್ದು ಕಂಡು ನನಗೆ ಉಮೇದು ಬಂತು. ಕೈಮೈಕು ತೆಗೆದುಕೊಂಡು, "ನೋಡಿ, ಈ ತಾಯಿ ಕಾಗೆಗೆ ಹೆದರಿ ಸಾಯಲು ಬಂದಿದ್ದಾಳೆ. ಕಾಗೆ ಯಾರನ್ನೂ ಕೊಲ್ಲುವುದಿಲ್ಲ. ಬದುಕಿದವರೆಲ್ಲ ಎದ್ದು ನಡೆಯಿರಿ!" ಎಂದು ಬಯಲಿಗೆಲ್ಲ ಕೇಳುವಂತೆ ಕೂಗಿದೆ. ಸ್ವಂತ ತಾಯಿಯನ್ನು! ಹಸಿರು ಚೀಟಿ ಕಟ್ಟಿದೆ. ಅವಳು ಅದರ ಮೇಲೆ ಸೆರಗು ಎಳೆದುಕೊಂಡು, ನಡೆಯುವವರ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಡೆದಳು.

ಸಂಜೆ ಮೇಡಂ ಎಲ್ಲರೆದುರು ಬೆನ್ನು ತಟ್ಟಿದರು. ನಾನು ಕಟ್ಟಿದ ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲವಂತೆ.

ಮುಂದಿನದು ನಿನಗೆ ಗೊತ್ತು. ಜುಲೈ ಕೊನೆಗೆ ಗದ್ದೆ ಕೆಲಸಕ್ಕೆ ಹೋಗಿ ಜ್ವರ ತಂದುಕೊಂಡಳು. ಇಲಿಜ್ವರ ಎಂದರು. ಮೊದಲ ದಿನವೇ ನಿನಗೆ ಹೇಳಿ ಕಳಿಸಬೇಕಿತ್ತು. ಇಳಿಯುತ್ತದೆ ಎಂದು ಕಾದೆ. ಮೂರನೇ ದಿನ ಎಲ್ಲ ಮುಗಿದ ಮೇಲೆ ನಿಮ್ಮ ಮನೆ ಪಕ್ಕದ ಮಾದುವಿನ ಅಂಗಡಿಗೆ ಫೋನು ಮಾಡಿದರೆ, "ಖರೇ ಸುದ್ದಿಯೋ, ಕಾಗೆ ಸುದ್ದಿಯೋ?" ಎಂದು ಕೇಳಿದ. ಖರೇ ಎಂದು ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

ಕಾಗೆ ಮುಟ್ಟಿ ಅವ್ವಿ ಹೋದಳು ಎಂದು ನಾನು ಬರೆಯುತ್ತಿಲ್ಲ. ಅದನ್ನು ಇವತ್ತಿಗೂ ನಂಬುವುದಿಲ್ಲ, ನಾಳೆಯೂ ನಂಬುವುದಿಲ್ಲ. ಆದರೆ ಎರಡು ತಿಂಗಳು ಅವಳು ಹೆದರಿಕೊಂಡೇ ಬದುಕಿದಳೇನೋ ಎಂಬುದು ಇಷ್ಟು ದಿನ ನನ್ನನ್ನು ತಿನ್ನುತ್ತಿತ್ತು. ರಟ್ಟಿನ ಒಂದು ಚೂರು, ಅದಕ್ಕೊಂದು ದಾರ. ಅಷ್ಟೇ ಕೇಳಿದ್ದಳು. ಡಿಸೆಂಬರಿನಲ್ಲಿ ಶಿರವಾಡದ ಕಡೆ ಮತ್ತೊಂದು ಕಾರ್ಯಾಚರಣೆ ಇದೆಯಂತೆ, ಕಿರಿಯರಿಗೆ ಚೀಟಿ ಕಟ್ಟಲು ನಾನೇ ಕಲಿಸಬೇಕಂತೆ. ಮೇಡಂಗೆ ಇನ್ನೂ ಹೂಂ ಎಂದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ದೀಕ್ಷಾಳ ತಲೆ ಮೇಲೆ ಕೈಯಿಟ್ಟು, ಮಾವ ಹರಸಿದ್ದಾನೆ ಎಂದು ಹೇಳು. ಅವಳು ನಿನ್ನಂತೆ ಗಟ್ಟಿಯಾಗಿ ಬೆಳೆಯಲಿ, ನಮ್ಮಿಬ್ಬರ ಹಟ ಮಾತ್ರ ಅವಳಿಗೆ ಬಾರದಿರಲಿ.

ನಿನ್ನ ತಮ್ಮ,
ಸೋಮು

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಕೆಳಗೆ ಉಳಿದದ್ದು. ಅವ್ವಿಯ ಜೊತೆ ಗದ್ದೆಗೆ ಹೋಗುತ್ತಿದ್ದ ಮಾದೇವಿ ಚಿಕ್ಕಿ ನಿನ್ನೆ ಮನೆಗೆ ಬಂದಿದ್ದಳು. ಕಾಗೆ ಮುಟ್ಟಿದ ದಿನ ಅವಳೂ ಜೊತೆಗಿದ್ದಳೇ ಎಂದು ನಾನು ಕೇಳಿದೆ. "ಯಾವ ಕಾಗ್ಯೋ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಕಾಗೆನೂ ಇಲ್ಲ, ಗೂಗೆನೂ ಇಲ್ಲ. 'ನೀ ಸತ್ರೆ ಮಾತ್ರ ಬತ್ತೆ ಅಂದದೆ ಹುಡ್ಗಿ. ಸಾಯ್ದೇ ಹೆಂಗೆ ಕರೀಲಿ?' ಅಂತ ನಿಮ್ಮವ್ವಿ ಕೇಳ್ತಿತ್ತು. ಕಾಗೆ ಮುಟ್ತು ಅಂತ ಹೇಳಿ ಕಾರ್ಡು ಬರ್ಸು ಅಂದವ್ಳು ನಾನೇಯಾ."

ಅಕ್ಕಾ, ಸ್ಟಾಪಿನಲ್ಲಿ ನಾನು ಹೇಳಿದ್ದು ತಪ್ಪು. ಅವ್ವಿ ನಿನ್ನನ್ನು ಬಾ ಎಂದಿದ್ದಳು. ಒಂದು ಸಲವಲ್ಲ, ಎರಡು ಸಲ. ಎರಡು ಸಲವೂ ನನ್ನ ಹತ್ತಿರವೇ ಹೇಳಿ ಕಳಿಸಿದ್ದಳು.