ಗುಟ್ಟು ಕಾಯುವುದನ್ನು ಕಲಿಸಲು ಬಂದ ಅಧಿಕಾರಿಗಳಿಗೆ

ಮಾನ್ಯರೇ,

ಅಂತರಜಾಲದಲ್ಲಿ ವೈಯಕ್ತಿಕ ಮಾಹಿತಿಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಕಲಿಸಲು ತಾವು ಹಾವೇರಿಯಿಂದ ಬ್ಯಾಡಗಿಗೆ ದಯಮಾಡಿಸಿದಿರಿ. ಕಲಿಸುವ ಭರದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳ ಹೆಸರು, ಮುಖ, ಫೋನ್ ನಂಬರು ಮೂರನ್ನೂ ಲೋಕಕ್ಕೆ ಹಂಚಿ ಹೋದಿರಿ. ಆ ವಿಡಿಯೋ ಇವತ್ತಿಗೂ ತಮ್ಮ ಕಚೇರಿಯ ಜಾಲತಾಣದ ಪುಟದಲ್ಲಿದೆ. ಹುಡುಗಿ ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತಿದ್ದಾಳೆ. ನನ್ನ ತಕರಾರು ಇಷ್ಟೇ.

ಅವಳನ್ನು ಇಲ್ಲಿ ಶಬನಮ್ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ತಂದೆತಾಯಿಯ ಹೆಸರನ್ನೂ ಬದಲಿಸಿದ್ದೇನೆ. ಕಿರಾಣಿ ಅಂಗಡಿಯಲ್ಲಿ ಕುಳಿತು ಬೆಲ್ಲ, ಸಾಬೂನು ಮಾರುವ ನನಗೆ ಇಷ್ಟು ಹೊಳೆಯಲು ಯಾವ ತರಬೇತಿಯೂ ಬೇಕಾಗಲಿಲ್ಲ.

ನಮ್ಮ ಓಣಿಯ ಹೆಂಗಸರಲ್ಲಿ ಹೆಚ್ಚಿನವರು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಬಿಡಿಸಿ ಬಿಡಿಸಿ ಅವರ ಬೆರಳಿನ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಗುರುತೇ ಹಿಡಿಯುವುದಿಲ್ಲ. ಆಗ ಫೋನಿಗೆ ಬರುವ ಓಟಿಪಿಯೇ ಗತಿ. ಮನೆಯ ಫೋನು ಗಂಡನ ಕಿಸೆಯಲ್ಲಿ, ಗಂಡ ಲಾರಿಯ ಮೇಲೆ. ಹೀಗಾಗಿ ಅವರೆಲ್ಲ ಬರೆಸಿದ್ದು ಶಬನಮ್‌ಳ ನಂಬರು. ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಲೇ ಅವಳು ನನ್ನ ಅಂಗಡಿಗೆ ಫೋನ್ ಮಾಡುತ್ತಿದ್ದಳು: “ಅಕ್ಕಾರ, ಅಮೀರಬಿ ಖಾಲಾಂದು ಓಟಿಪಿ ಬಂದೈತ್ರಿ, ಲಗೂ ಹೇಳ್ರಿ.” ನಾನು ಬಾಗಿಲಲ್ಲಿ ನಿಂತು ಅದನ್ನು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದೆ. ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ತಾವು ವೇದಿಕೆಯಿಂದ ಗದರಿಸಿದಾಗ ನಮ್ಮವರು ಮುಖ ಮುಖ ನೋಡಿಕೊಂಡರು. ಬಾಯಿಬಿಟ್ಟು ಹೇಳದಿದ್ದರೆ ಅಕ್ಕಿ ಕೊಡದಂತೆ ವ್ಯವಸ್ಥೆ ಮಾಡಿದವರು ಯಾರು, ಮಾನ್ಯರೇ? ನಾವೇ?

ಶಬನಮ್ ಓಣಿಯ ಫೋನಿನ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಾಳೆಂದು ಯಾರೋ ತಮ್ಮ ಕಿವಿಗೆ ಹಾಕಿದರು. ತಾವು ಮೆಚ್ಚಿ ಅವಳನ್ನು ವೇದಿಕೆಗೆ ಕರೆದಿರಿ. ಅವಳ ಫೋನನ್ನು ದೊಡ್ಡ ಪರದೆಗೆ ಜೋಡಿಸಿದಿರಿ. ಅವಳ ಫೋಟೊ, ಹೆಸರು, ನಂಬರು ಗೋಡೆಯಗಲ ಬೆಳಗಿದವು. “ನೋಡಿ, ಒಬ್ಬ ಹೆಣ್ಣುಮಗಳ ಇಷ್ಟು ಮಾಹಿತಿ ಬಯಲಿಗೆ ಬಿದ್ದರೆ ಎಂಥ ಅಪಾಯ!” ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಎದುರಿಗೆ ತಮ್ಮದೇ ಸಿಬ್ಬಂದಿ ಕ್ಯಾಮೆರಾ ಹಿಡಿದು ಎಲ್ಲವನ್ನೂ ನೇರ ಪ್ರಸಾರ ಮಾಡುತ್ತಿದ್ದರು. ಅಪಾಯವನ್ನು ಬರೀ ಬಾಯಲ್ಲಿ ಹೇಳುವವರನ್ನು ನೋಡಿದ್ದೆ, ಮಾಡಿಯೇ ತೋರಿಸುವವರನ್ನು ಅಂದೇ ಕಂಡೆ.

ಆ ಸಂಜೆಯೇ ಕರೆಗಳು ಶುರುವಾದವು. ಯಾವ್ಯಾವುದೋ ಊರಿನ ಗಂಡಸರು. ಕೆಲವರು ನಗುತ್ತಿದ್ದರು, ಕೆಲವರು ಕೇಳಬಾರದ್ದನ್ನು ಕೇಳುತ್ತಿದ್ದರು. ಬಸ್ಸಿನಲ್ಲಿ ಪಡ್ಡೆ ಹುಡುಗರು ವಿಡಿಯೋ ಹಚ್ಚಿ, ಅವಳ ನಂಬರಿಗೆ ರಿಂಗ್ ಕೊಟ್ಟು, ಫೋನು ಸದ್ದು ಮಾಡಿದೊಡನೆ ಕೇಕೆ ಹಾಕುತ್ತಿದ್ದರು. ಒಂದು ದಿನ ಕರೆಯನ್ನು ಅವಳ ತಂದೆ ರಹಿಮಾನಸಾಬ ಎತ್ತಿಕೊಂಡ. ಏನು ಕೇಳಿಸಿಕೊಂಡನೋ, ಸಿಮ್ಮು ತೆಗೆದು ಎರಡು ತುಂಡು ಮಾಡಿದ, ಮಗಳ ಕಾಲೇಜನ್ನೂ ನಿಲ್ಲಿಸಿದ.

ನಾನು ಬುದ್ಧಿ ಹೇಳಲು ಹೋದೆ. “ಮಗಳ ಮ್ಯಾಲ ನನಗ ಭರೋಸಾ ಐತ್ರಿ ಅಕ್ಕಾರ,” ಎಂದ. “ಆದ್ರ ಮಂದಿ ಬಾಯಿಗೆ ಕೀಲಿ ಹಾಕಾಕ ಬರ್ತೈತೇನ್ರಿ? ಆ ವಿಡಿಯೋ ಇರೂತನಕ ಆಕಿ ಬಸ್ ಹತ್ತೂದು ಬ್ಯಾಡ.” ಶಬನಮ್ ಒಳಗಿನಿಂದಲೇ ತಂದೆಯನ್ನು ಕೇಳಿದಳು: “ಅಬ್ಬಾ, ನಾ ಏನ್ ತಪ್ಪ ಮಾಡೀನಿ?” ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು.

ಅದಕ್ಕೇ ಅವಳ ತಾಯಿ ಕುಲ್ಸುಮಬಿಯನ್ನು ಕರೆದುಕೊಂಡು ಹಾವೇರಿಯ ತಮ್ಮ ಕಚೇರಿಗೆ ಬಂದೆ. ತಾವು ಇರಲಿಲ್ಲ, ಬೇರೊಂದು ಊರಿಗೆ ಎಚ್ಚರಿಕೆ ಹೇಳಲು ಹೋಗಿದ್ದಿರಿ. ಮೇಜಿನ ಹಿಂದಿನ ಗುಮಾಸ್ತ ಬಹಳ ಹೆಮ್ಮೆಯಿಂದ, “ಆ ವಿಡಿಯೋ ಭಾಳ ಚೊಲೋ ಓಡೈತ್ರಿ” ಎಂದ. ತೆಗೆಯಬೇಕೆಂದರೆ ಆನ್‌ಲೈನ್ ಅರ್ಜಿ ಹಾಕಬೇಕಂತೆ. ಹುಡುಗಿಯ ಫೋಟೊ, ಆಧಾರ್, ವಿಳಾಸ ಬೇಕಂತೆ. ಅವಳ ನಂಬರಿಗೆ ಬರುವ ಓಟಿಪಿಯನ್ನು ಅವನಿಗೆ ಹೇಳಬೇಕಂತೆ!

“ಆ ನಂಬರ್ ಈಗ ಇಲ್ರಿ ಸಾಹೇಬ್ರ. ನಿಮ್ಮಿಂದನ ಹೋತು,” ಎಂದಳು ಕುಲ್ಸುಮಬಿ.

“ಹಂಗಾದ್ರ ಅರ್ಜಿ ತಗೊಳ್ಳೂದಿಲ್ಲ ನೋಡ್ರಿ.”

ನನಗೆ ಮೈಯೆಲ್ಲ ಉರಿಯಿತು. “ನಿಮ್ಮ ಮನಿ ಹುಡುಗಿ ಆಗಿದ್ರ ಹಿಂಗ ಅಂತಿದ್ರೇನು?” ಎಂದು ಕೂಗಾಡಿದೆ. ಅವನು ಗೋಡೆಗೆ ಅಂಟಿಸಿದ ಕಾಗದ ತೋರಿಸಿದ: ‘ಸಿಬ್ಬಂದಿಯೊಂದಿಗೆ ಸೌಜನ್ಯದಿಂದ ವರ್ತಿಸಿ.’ ತಮ್ಮ ಸಿಬ್ಬಂದಿಯ ಮಾನಕ್ಕೆ ಗೋಡೆಯ ಮೇಲೆ ಕಾವಲಿದೆ, ಸಂತೋಷ. ಕುಲ್ಸುಮಬಿ ಮಾತ್ರ ಮೆಟ್ಟಿಲಿಳಿದು ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗಳನ್ನು ಓದಿಸುವುದು ಬೇಡವೆಂದ ನೆಂಟರನ್ನೆಲ್ಲ ಎದುರು ಹಾಕಿಕೊಂಡು ಕಾಲೇಜಿಗೆ ಕಳಿಸಿದವಳು ಅವಳು. ಈಗ ಅದೇ ನೆಂಟರು ಮನೆಗೆ ಬಂದು ಚಹಾ ಕುಡಿದು, “ನಾವು ಹೇಳಿದ್ದಿಲ್ಲೇನು?” ಎಂದು ಹೋಗುತ್ತಿದ್ದಾರೆ.

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ತಮಗೆ ಗೊತ್ತಿರಬೇಕು. ‘ಎಚ್ಚರ, ಎಚ್ಚರ’ ಎಂದು ನಮಗೆ ಹೇಳುವ ತಾವು ಒಂದು ದಿನವಾದರೂ ಎಚ್ಚರವಾಗಿದ್ದಿರಾ? ಕಳ್ಳರು ನಮ್ಮ ಮಾಹಿತಿಯನ್ನು ಕದಿಯುತ್ತಾರೆ, ಸರಿ. ಕದ್ದವನು ಕದ್ದೆನೆಂಬ ಭಯದಲ್ಲಾದರೂ ಇರುತ್ತಾನೆ. ತಾವು ಕೈಯಲ್ಲಿ ಮೈಕು, ಕೊರಳಲ್ಲಿ ಹಾರ, ಹೆಗಲ ಮೇಲೆ ನಾವೇ ಹೊದಿಸಿದ ಶಾಲು ಇಟ್ಟುಕೊಂಡು ಅದನ್ನೇ ಮಾಡಿದಿರಿ. ಹುಡುಗಿ ತನ್ನ ನಂಬರನ್ನು ಅಪರಿಚಿತರಿಗೆ ಕೊಟ್ಟಿರಲಿಲ್ಲ. ಸರಕಾರದವರು ಕೇಳಿದರೆಂದು ನಂಬಿ ಫೋನು ಕೊಟ್ಟಳು.

ಆದ್ದರಿಂದ ನನ್ನ ಒತ್ತಾಯ ಕೇಳಿ. ಅರ್ಜಿಯಿಲ್ಲದೆ, ಆಧಾರ್ ಇಲ್ಲದೆ, ಓಟಿಪಿ ಇಲ್ಲದೆ ಆ ವಿಡಿಯೋ ಇವತ್ತೇ ತೆಗೆಯಿರಿ. ಆಮೇಲೆ ಬ್ಯಾಡಗಿಗೆ ಬನ್ನಿ. ಹಾರ, ಶಾಲು ಸಿಗುವುದಿಲ್ಲ. ನಮ್ಮ ಓಣಿಯಲ್ಲಿ ರಹಿಮಾನಸಾಬನ ಮುಂದೆ ನಿಂತು, “ತಪ್ಪು ನನ್ನದು, ನಿಮ್ಮ ಮಗಳದಲ್ಲ, ಅವಳನ್ನು ಕಾಲೇಜಿಗೆ ಕಳಿಸಿ” ಎಂದು ಹೇಳಿ. ಬೇಕಿದ್ದರೆ ಅದನ್ನೂ ನೇರ ಪ್ರಸಾರ ಮಾಡಿಸಿ. ಆದರೆ ಈ ಸಲ ನಿಮ್ಮ ಮುಖವಷ್ಟೇ ಕಾಣಲಿ.

ಇಂತಿ,
ತಮ್ಮ ಬೋಧನೆಯಂತೆ ಹೆಸರು, ನಂಬರು ಗುಟ್ಟಾಗಿಟ್ಟುಕೊಂಡಿರುವ,
ಅಂದು ತಮಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬಳು,
ಬ್ಯಾಡಗಿ