ಮೂತಿ ಕೆಳಗಾದ ಕೋವಿ

ಕೋವಿ ಕೂಡಿಹಾಕುವ ನನ್ನ ಮೊಮ್ಮಗನಿಗೆ,

ಏನೋ ಮಹರಾಯ, ಅಜ್ಜಿ ಬದುಕಿದ್ದಾಳೋ ಇಲ್ಲವೋ ಅಂತ ಒಂದು ಮಾತೂ ಕೇಳದೆ ತುಕ್ಕು ಹಿಡಿದ ಕೋವಿಯ ಚರಿತ್ರೆ ಕೇಳಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇ? ಒಂಟಿ ನಳಿಗೆಯ ಹಳೇ ಕೋವಿಗಳನ್ನು ಹುಡುಕಿಕೊಂಡು ಊರೂರು ಅಲೆಯುವವನಿಗೆ ಮನೆಯ ಹಳೇ ಮುದುಕಿ ಕಾಣುವುದಿಲ್ಲ.

ನೀನು ಕಳಿಸಿದ ಫೋಟೋ ನೋಡಿದೆ. ಹಿಡಿಯ ಬಿರುಕಿಗೆ ಆ ತಾಮ್ರದ ತಂತಿ ಸುತ್ತಿದವನು ನಮ್ಮಪ್ಪ. ಅದು ನಮ್ಮ ಮನೆಯದೇ.

'ಯಜಮಾನನ ಮರೆವಿನಿಂದ ಮಗ ಸತ್ತ' ಅಂತ ಮಾರಿದವನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು, ನಿಜವೇ ಅಂತ ಕೇಳಿದ್ದೀಯ. ಸುಳ್ಳು.

ತೋಟಾ ತುಂಬಿದ್ದರೆ ಕೋವಿಯನ್ನು ಮೂತಿ ಮೇಲೆ ಮಾಡಿ ತೂಗುಹಾಕಬೇಕು, ಖಾಲಿಯಿದ್ದರೆ ಕೆಳಗೆ. ಅದು ನಮ್ಮ ಮನೆಯ ಪದ್ಧತಿ. ನನಗಾಗ ಹನ್ನೊಂದು ವರ್ಷ. ಜೇಡರ ಬಲೆ ಹೊಡೆಯಲು, ಮೂತಿ ಮೇಲಾಗಿ ತೂಗುತ್ತಿದ್ದ ಅದನ್ನು ಇಳಿಸಿದವಳು ಮತ್ತೆ ಹಾಕುವಾಗ ಮೂತಿ ಕೆಳಗೆ ಮಾಡಿಬಿಟ್ಟೆ. ಅಣ್ಣ ಎಣ್ಣೆ ಬಟ್ಟೆ ಹಿಡಿದು ಒರೆಸಲು ಕೂತ. ಖಾಲಿ ಅಂದುಕೊಂಡು ಒಳಗೆ ನೋಡಲೇ ಇಲ್ಲ. ಗುಂಡು ಹಾರಿತು.

"ಮೂತಿ ಮೇಲೆ ಮಾಡಿ ಹಾಕಲು ನಾನೇ ಮರೆತೆನಲ್ಲೇ" ಅಂದ ಅಪ್ಪ. ಸಾಯುವವರೆಗೂ ಅದನ್ನೇ ಅಂದ. ನಾನು ಬಾಯಿ ಬಿಡಲಿಲ್ಲ. ಇಷ್ಟು ಮಾತಾಡುವ ಬಾಯಿ, ನೋಡು.

ಅಪ್ಪನ ಮೇಲಿನ ಆ ಸಾಲು ಹೊಡೆದುಹಾಕಿ ನನ್ನ ಹೆಸರು ಬರೆ.

ಇನ್ನೊಂದು. ನಿನ್ನ ಗೋಡೆಯ ಮೇಲೂ ಅದು ಮೂತಿ ಕೆಳಗಾಗಿಯೇ ತೂಗುತ್ತಿದೆ. ಫೋಟೋವನ್ನು ತಲೆಕೆಳಗು ಮಾಡಿ ಇಟ್ಟು ನೋಡಿದೆ. ಆದರೂ ಅಣ್ಣ ಎಣ್ಣೆ ಬಟ್ಟೆ ಹಿಡಿದುಕೊಂಡು ಇಲ್ಲೇ ಬಾಗಿಲ ಹತ್ತಿರ ಕೂತಿದ್ದಾನೆ, ಏಳು ಅಂದರೆ ಏಳುವುದಿಲ್ಲ. ಇವತ್ತೇ ಅದನ್ನು ತಿರುಗಿಸು. ತಿರುಗಿಸಿದೆ ಅಂತ ಮುಂದಿನ ತಿಂಗಳು ಹುಟ್ಟುವ ಮೊದಲೇ ಉತ್ತರ ಬರೆ.

ನಿನ್ನ ಅಜ್ಜಿ