ನೌಕೆಗೆ ಮೊಸರು ಮುಟ್ಟಿಸಬೇಡಿ

ಗುರುವಿನ ಉಪಗ್ರಹ ಕ್ಯಾಲಿಸ್ಟೊದ ನೆಲೆ,
ಗುರುವರ್ಷ ಮೂವತ್ತೊಂದು

ಭೂಮಿಯಲ್ಲಿ ನೌಕೆ ಕಟ್ಟುತ್ತಿರುವ ಹಿರಿಯರಿಗೆ, ನಿಮಗಿಂತ ಎಷ್ಟೋ ತಲೆಮಾರು ಮುಂದಿನ ಕಾಲದಿಂದ ಮಂದಾರಳ ನಮಸ್ಕಾರಗಳು. ಗುರುಗ್ರಹ ಸೂರ್ಯನನ್ನು ಒಮ್ಮೆ ಸುತ್ತಿದರೆ ನಮಗೆ ಒಂದು ವರ್ಷ. ಹಾಗಾಗಿ ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ಇಲ್ಲಿಗೆ ಬರುವಷ್ಟರಲ್ಲಿ ಸ್ವಲ್ಪ ಸವೆದಿದೆ.

ಇಲ್ಲಿ ಗುರು ಮುಳುಗುವುದೇ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಸದಾ ಒಂದೇ ಕಡೆ ನಿಂತಿರುತ್ತಾನೆ, ಎದುರುಮನೆಯ ಯಜಮಾನರ ಹಾಗೆ. ಅವನ ಮೋಡಗಳನ್ನು ನೋಡಿ ಬರಲು ನಾವು ಯಂತ್ರನೌಕೆಗಳನ್ನು ಕಳಿಸುತ್ತೇವೆ. ಇಂಧನ ಮುಗಿಯುತ್ತ ಬಂದ ನೌಕೆ ಅವನೊಳಗೇ ಧುಮುಕಿ ಉರಿದುಹೋಗಬೇಕು. ಇದನ್ನು ಗುರುಪಾತ ಎನ್ನುತ್ತೇವೆ. ಯುರೋಪಾ ಎಂಬ ಅವನ ಇನ್ನೊಂದು ಚಂದ್ರನ ಹಿಮದಡಿಯ ಕಡಲಿಗೆ ನಮ್ಮ ಕೊಳೆ ತಾಗಬಾರದೆಂದು ಈ ಕಟ್ಟುಪಾಡು. ನೀವು ಕಟ್ಟುತ್ತಿರುವ ನೌಕೆಗೆ ಗುರುಪಾತ ದಕ್ಕಲಿಲ್ಲ. ಕೊನೆಗಾಲದಲ್ಲಿ ಅದು ಯಾರ ಮಾತೂ ಕೇಳದೆ ಯುರೋಪಾದ ಹಿಮದ ಬಿರುಕಿಗೆ ಬಿತ್ತು.

ನನ್ನ ದೊಡ್ಡಮ್ಮ ನೀಲಾಂಬಿಕೆ ಆ ಕಡಲಿನಲ್ಲಿ ಜೀವವಿದೆಯೇ ಎಂದು ಹುಡುಕುವುದರಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಈಚೆಗೆ ಕೊರೆಯುವ ಯಂತ್ರ ತಂದ ನೀರಿನಲ್ಲಿ ಜೀವಾಣುಗಳು ಕಂಡವು. ನೆಲೆಯೆಲ್ಲ ಕುಣಿಯಿತು, ಪಾಯಸವಾಯಿತು. ವಂಶ ಪರೀಕ್ಷಿಸಿದರೆ, ಅವು ನಮ್ಮ ಅಡುಗೆಮನೆಯ ಹೆಪ್ಪಿನ ನೆಂಟರು! ಆ ಚಳಿಯಲ್ಲಿ ಹೇಗೆ ಬದುಕಿದವೋ ಯಾರಿಗೂ ತಿಳಿಯದು. ಹೇಗೆ ಬಂದವೆಂಬುದು ಮಾತ್ರ ಎಲ್ಲರಿಗೂ ಗೊತ್ತು. ಪ್ರಯಾಣ ಹೊರಟವರಿಗೆ ಮೊಸರು ಕೊಡುವಂತೆ, ನೌಕೆ ಹೊರಡುವ ಮುನ್ನ ನಿಮ್ಮಲ್ಲೊಬ್ಬರು ಅದರ ಅಂಚಿಗೆ ಬೆರಳಿನಿಂದ ಮೊಸರು ಮುಟ್ಟಿಸಿದ ಕತೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಂಡೇ ಬೆಳೆದವರು.

"ಅಲ್ಲಾ ಕಣೇ, ಇಷ್ಟು ವರ್ಷ ಹುಡುಕಿ ಸಿಕ್ಕಿದ್ದು ನಮ್ಮನೆ ಮೊಸರಾ?" ಎಂದು ದೊಡ್ಡಮ್ಮ ನಕ್ಕರು. ಆಮೇಲೆ ಊಟ ಬಿಟ್ಟರು.

ಅಲ್ಲಿ ಮೊದಲೇ ಯಾರಾದರೂ ಇದ್ದರೋ, ನಮ್ಮವು ಹೋಗಿ ಅವರನ್ನು ತಿಂದು ಮುಗಿಸಿದವೋ, ಈಗ ಹೇಳುವಂತಿಲ್ಲ. ಹೆಪ್ಪು ಬಿದ್ದ ಹಾಲು ಮತ್ತೆ ಹಾಲಾದೀತೇ? ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅಷ್ಟು ದೂರ ಒಂಟಿಯಾಗಿ ಹೋಗುವ ಯಂತ್ರಕ್ಕೂ ಒಳ್ಳೆಯದಾಗಲಿ ಎಂದು ಹರಸಿದ ಆ ಕೈಯ ಮೇಲೆ ಪ್ರೀತಿಯೂ ಇದೆ, ಅದೇ ಕಷ್ಟ.

ಈ ಕಾಗದ ನೌಕೆ ಹೊರಡುವ ಮುಂಚೆ ನಿಮ್ಮನ್ನು ತಲುಪಿದರೆ, ಒಂದೇ ಬೇಡಿಕೆ. ಹರಸಿ, ಆದರೆ ದೂರದಿಂದ ಹರಸಿ. ಬಟ್ಟಲಿನ ಮೊಸರನ್ನು ನೀವೇ ತಿಂದು ಕೈ ತೊಳೆದುಕೊಳ್ಳಿ. ಆ ಕಡಲಿನಲ್ಲಿ ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ. ಇಲ್ಲ ಎಂಬ ಉತ್ತರವನ್ನಾದರೂ ದೊಡ್ಡಮ್ಮ ಕಣ್ಣು ಮುಚ್ಚುವ ಮೊದಲು ಕೇಳಲಿ.